ಶೆಲ್ಫಿನ ತೂಕ ಇಳಿದಿದೆ, ಬಿಲ್ಲಿನ ಮೊತ್ತ ಏರಿದೆ: ಅಂಗಡಿ ರ‍್ಯಾಕ್ ಅಳವಡಿಕೆಯ ಬಗ್ಗೆ ದೂರು

ಮುಂಬಯಿ
20 ಆಗಸ್ಟ್ 2025

ಇವರಿಗೆ,
ಮಾಲೀಕರು,
ಅಂಗಡಿ ರ‍್ಯಾಕ್ ತಯಾರಿಕೆ ಮತ್ತು ಅಳವಡಿಕೆ ಸಂಸ್ಥೆ,
ಸಾಕಿನಾಕಾ, ಮುಂಬಯಿ

ವಿಷಯ: ಒಪ್ಪಿದ ದರಕ್ಕಿಂತ 35,620 ರೂಪಾಯಿ ಹೆಚ್ಚು ಕೇಳಿರುವುದು, ಹೇಳಿದ್ದಕ್ಕಿಂತ ತೆಳುವಾದ ಶೆಲ್ಫ್ ಹಾಕಿರುವುದು ಮತ್ತು ಗೋಡೆಗೆ ಅರ್ಧಂಬರ್ಧ ಬಿಗಿದು ಹೋಗಿರುವುದು.

ಮಾನ್ಯರೇ,

ವಾಕೋಲಾದಲ್ಲಿರುವ ನನ್ನ ದಿನಸಿ ಅಂಗಡಿಯಲ್ಲಿ ತಮ್ಮ ಕೆಲಸಗಾರರು ರ‍್ಯಾಕ್ ಜೋಡಿಸಿ ಹೋಗಿ ಇಂದಿಗೆ ಹದಿಮೂರು ದಿನವಾಯಿತು. ಅಂದಿನಿಂದ ತಮ್ಮ ಕಚೇರಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಒಂಬತ್ತು ಸಲವೂ ಸಿಕ್ಕಿದ ಉತ್ತರ ಒಂದೇ: "ಶೇಟ್ ಹೊರಗೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇವೆ." ತಾವೂ ನಮ್ಮ ಜಿಲ್ಲೆಯವರು, ಊರಿನವರ ಸಂಘದ ಸಭೆಯಲ್ಲಿ ಪರಿಚಯವಾದವರು. ಆ ಪರಿಚಯವನ್ನೇ ನಂಬಿ ಬೇರೆ ಇಬ್ಬರ ಕೊಟೇಶನ್ ಬದಿಗಿಟ್ಟು ತಮಗೆ ಕೆಲಸ ಒಪ್ಪಿಸಿದೆ. ಆದ್ದರಿಂದ ಈ ಪತ್ರವನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ಮುಂದೆ ಬೇಕಾದೀತೆಂದು ಇದರ ಮರಾಠಿ ಪ್ರತಿಯನ್ನೂ ಮಾಡಿಸಿ ಇಟ್ಟುಕೊಂಡಿದ್ದೇನೆ.

ನನ್ನ ಅಂಗಡಿ ಹತ್ತು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ. ನಾನು, ನನ್ನ ಹೆಂಡತಿ, ಕೈಗೆಲಸಕ್ಕೆ ಊರಿನಿಂದ ಬಂದ ಒಬ್ಬ ಹುಡುಗ, ಇಷ್ಟೇ ಜನ. ಹಳೆಯ ಮರದ ಕಪಾಟುಗಳಿಗೆ ಗೆದ್ದಲು ಹಿಡಿದಿತ್ತು. ಕಬ್ಬಿಣದ ರ‍್ಯಾಕ್ ಹಾಕಿಸಬೇಕೆಂದು ದಿನಕ್ಕೆ 200 ರೂಪಾಯಿಯಂತೆ 700 ದಿನ ಪಿಗ್ಮಿ ಕಟ್ಟಿದೆ. ಕೈಗೆ ಬಂದ ಅಸಲು 1,40,000 ರೂಪಾಯಿ. ಅದರಲ್ಲಿಯೇ ರ‍್ಯಾಕ್, ಅದರಲ್ಲಿಯೇ ವಯರಿಂಗ್, ಅದರಲ್ಲಿಯೇ ಗೋಡೆಯ ಬಣ್ಣ. ಈ ಮಾತನ್ನು ಅಳತೆಗೆ ಬಂದಿದ್ದ ತಮ್ಮ ಪ್ರತಿನಿಧಿಗೆ ಮೊದಲ ದಿನವೇ ಹೇಳಿದ್ದೆ. ಅವರು ಟೇಪು ಹಿಡಿದು ಗೋಡೆ ಅಳೆದರು, ಮಾದರಿಗೆಂದು ಒಂದು ಶೆಲ್ಫ್ ಬಿಟ್ಟುಹೋದರು. ಜುಲೈ 12ರಂದು ತಮ್ಮ ಕೊಟೇಶನ್ ಬಂತು.

ಆ ಕೊಟೇಶನ್ ಈಗ ನನ್ನ ಮುಂದೆಯೇ ಇದೆ. ಗೋಡೆಗೆ ಹೊಂದುವ ರ‍್ಯಾಕ್ ಹದಿನಾಲ್ಕು, ಒಂದಕ್ಕೆ 6,200 ರೂಪಾಯಿ. ನಡುವೆ ನಿಲ್ಲುವ ಎರಡು ಬದಿಯ ರ‍್ಯಾಕ್ ಎರಡು, ಒಂದಕ್ಕೆ 9,500 ರೂಪಾಯಿ. ಒಟ್ಟು 1,05,800. ಶೇಕಡಾ 18ರ ಜಿಎಸ್‌ಟಿ 19,044 ಸೇರಿ 1,24,844 ರೂಪಾಯಿ. ಅದರ ಕೆಳಗೆ ತಮ್ಮದೇ ಅಕ್ಷರದಲ್ಲಿ "ಫಿಟ್ಟಿಂಗ್ ಸೇರಿದೆ, ಟೆಂಪೋ ಬಾಡಿಗೆ ಬೇರೆ" ಎಂದಿದೆ. ತಗಡಿನ ದಪ್ಪ 20 ಗೇಜ್, ಶೆಲ್ಫ್ ಒಂದಕ್ಕೆ 80 ಕಿಲೋ ಭಾರ ಎಂದೂ ಇದೆ. ಜೊತೆಗೆ ಕೊಟ್ಟ ಬಣ್ಣದ ಚಿತ್ರದಲ್ಲಿ ರ‍್ಯಾಕಿನ ಹಿಂಬದಿಗೆ ತಗಡು, ಬುಡಕ್ಕೆ ಪಟ್ಟಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಇದನ್ನು ನೋಡಿಯೇ ಜುಲೈ 14ರಂದು 75,000 ರೂಪಾಯಿ ಮುಂಗಡ ಕಳುಹಿಸಿದೆ. ವಯರಿಂಗ್ ಮತ್ತು ಬಣ್ಣಕ್ಕೆ ಉಳಿಯುವುದು 15,156 ಎಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ.

ಆಗಸ್ಟ್ 4, ಸೋಮವಾರ ಬೆಳಿಗ್ಗೆ ಬರುತ್ತೇವೆ ಎಂದಿರಿ. ಭಾನುವಾರ ರಾತ್ರಿಯೇ ಅಂಗಡಿ ಬರಿದು ಮಾಡಿದೆವು. ಹಳೆಯ ಕಪಾಟು ಒಡೆಸಿ ಗುಜರಿಯವನಿಗೆ ಕೊಟ್ಟೆ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಬೆಲ್ಲ ಅಟ್ಟಕ್ಕೆ ಏರಿದವು. ಉಳಿದದ್ದು ಜಗಲಿಯಲ್ಲಿ ತಾಡಪಾಲಿನ ಕೆಳಗೆ. ಸೋಮವಾರ ತಾವು ಬರಲಿಲ್ಲ. ಮಂಗಳವಾರ, ಬುಧವಾರವೂ ಬರಲಿಲ್ಲ. ಶ್ರಾವಣದ ಗಾಳಿಮಳೆಗೆ ಹಪ್ಪಳದ ಕಟ್ಟುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಶುಕ್ರವಾರ ವರಮಹಾಲಕ್ಷ್ಮೀ ವ್ರತ. ಅದರ ಹಿಂದಿನ ಎರಡು ದಿನ ನಮ್ಮ ಕಡೆಯ ಹೆಂಗಸರು ತೆಂಗಿನಕಾಯಿ, ಅರಿಸಿನ, ಕಡಲೆಬೇಳೆ ಕೇಳಿಕೊಂಡು ಬರುವ ಹೊತ್ತು. ಬಂದವರು ಬರಿ ಗೋಡೆ ನೋಡಿ ಮುಂದಿನ ಅಂಗಡಿಗೆ ಹೋದರು. ಆ ನಾಲ್ಕು ದಿನದ ವ್ಯಾಪಾರವನ್ನು ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ, ನಡೆದದ್ದು ತಮಗೆ ತಿಳಿದಿರಲಿ.

ಗುರುವಾರ ರಾತ್ರಿ ಎಂಟು ಗಂಟೆಗೆ ಟೆಂಪೋ ಬಂತು. ಮಾಲು ಇನ್ನೂ ಕೆಳಗಿಳಿದಿರಲಿಲ್ಲ, ತಮ್ಮ ಮೇಸ್ತ್ರಿ ಬಿಳಿ ಹಾಳೆಯೊಂದನ್ನು ನನ್ನ ಕೈಗಿಟ್ಟರು. ಟೆಂಪೋ 4,500. ಹಮಾಲಿ 3,000. ಗೋಡೆಗೆ ತೂತು ಕೊರೆದು ಆಂಕರ್ ಫಾಸ್ಟನರ್ (ಗೋಡೆಗೆ ಬಿಗಿಯುವ ಕಬ್ಬಿಣದ ಬೋಲ್ಟು) ಹಾಕಲು 56ಕ್ಕೆ ತಲಾ 120ರಂತೆ 6,720. ರಾತ್ರಿ ಕೆಲಸಕ್ಕೆ 6,000. ಹಿಂಬದಿಯ ತಗಡು ಹದಿನಾಲ್ಕಕ್ಕೆ 11,900. ಬುಡದ ಪಟ್ಟಿಗೆ 3,500. ಒಟ್ಟು 35,620 ರೂಪಾಯಿ. ಹಾಳೆಯ ಮೇಲೆ ಸಂಸ್ಥೆಯ ಹೆಸರಿಲ್ಲ, ಜಿಎಸ್‌ಟಿ ಸಂಖ್ಯೆಯಿಲ್ಲ, ಸಹಿಯಿಲ್ಲ. ಹಣ ಕೊಡದಿದ್ದರೆ ಮಾಲು ವಾಪಸು ಎಂದರು. ಹೊರಗೆ ಮಳೆ, ಒಳಗೆ ಬರಿದಾದ ಅಂಗಡಿ, ಮರುದಿನ ಹಬ್ಬ. ಬಾಕಿ 49,844 ರೂಪಾಯಿಯ ಜೊತೆಗೆ 20,000 ರೂಪಾಯಿ ಅಲ್ಲಿಯೇ ಮೊಬೈಲಿನಲ್ಲಿ ಕಳುಹಿಸಿದೆ. ಉಳಿದ 15,620ಕ್ಕೆ ತಮ್ಮವರು ಈಗ ದಿನಬಿಟ್ಟು ದಿನ ಸಂದೇಶ ಕಳುಹಿಸುತ್ತಿದ್ದಾರೆ. ನನ್ನ ಫೋನಿಗೆ ಉತ್ತರವಿಲ್ಲದಿದ್ದರೂ ಆ ಸಂದೇಶ ತಪ್ಪುವುದಿಲ್ಲ.

ಟೆಂಪೋ ಬಾಡಿಗೆ ಬೇರೆ ಎಂದು ಬರೆದಿದ್ದಿರಿ, ಆ 4,500 ನ್ಯಾಯ, ಅದನ್ನು ಒಪ್ಪುತ್ತೇನೆ. ಉಳಿದ 31,120ರಲ್ಲಿ ಒಂದು ರೂಪಾಯಿಯನ್ನೂ ಒಪ್ಪುವುದಿಲ್ಲ. ಗೋಡೆಗೆ ಬಿಗಿಯುವುದು ಫಿಟ್ಟಿಂಗ್ ಅಲ್ಲದಿದ್ದರೆ ಫಿಟ್ಟಿಂಗ್ ಎಂದರೆ ಏನು? ಬೆಳಿಗ್ಗೆ ಬರುತ್ತೇವೆ ಎಂದವರು ರಾತ್ರಿ ಬಂದು ರಾತ್ರಿಯ ಕೂಲಿ ನನ್ನಿಂದ ಕೇಳುವುದು ಯಾವ ಲೆಕ್ಕ? ಚಿತ್ರದಲ್ಲಿ ತೋರಿಸಿದ ತಗಡಿಗೆ ಬೇರೆ ಬೆಲೆ ಇದ್ದರೆ ಅದನ್ನು ಜುಲೈಯಲ್ಲಿಯೇ ಹೇಳಬೇಕಿತ್ತು. ಆಗ ನಾನು ಎರಡು ರ‍್ಯಾಕ್ ಕಡಿಮೆ ಮಾಡುತ್ತಿದ್ದೆ, ಇಲ್ಲವೇ ಇನ್ನೂ ಐದು ತಿಂಗಳು ಕಾಯುತ್ತಿದ್ದೆ. 31,120 ಎಂದರೆ ನನ್ನ 155 ದಿನಗಳ ಪಿಗ್ಮಿ.

ಹಣದ ಮಾತು ಇಷ್ಟು. ಇನ್ನು ಮಾಲಿನ ಮಾತು. ನನಗೆ ಹೆಚ್ಚು ನೋವಾಗಿರುವುದು ಇದರಿಂದ.

ಕಳೆದ ವಾರ ಒಂದು ಶೆಲ್ಫಿನ ಮೇಲೆ ಹತ್ತು ಕಿಲೋದ ಕುಚ್ಚಲಕ್ಕಿ ಚೀಲ ಆರು ಇಟ್ಟೆ. ಮರುದಿನ ಬೆಳಿಗ್ಗೆ ಗುಡಿಸುತ್ತಿದ್ದ ನನ್ನ ಹೆಂಡತಿ, "ಇದು ಹೊಟ್ಟೆ ಬಿಟ್ಟಿದೆ ನೋಡಿ" ಎಂದು ಕರೆದಳು. ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದೆವು. ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರಿತು. ಎಂಬತ್ತು ಕಿಲೋ ಹೊರಬೇಕಾದದ್ದು ಅರವತ್ತಕ್ಕೇ ಬಾಗಿದೆ. ಮೊನ್ನೆ ಸೋಮವಾರ, ಮಂಗಳವಾರದ ಮಳೆಗೆ ಗಿರಾಕಿಗಳೇ ಇರಲಿಲ್ಲ. ಆ ಬಿಡುವಿನಲ್ಲಿ ಐದು ಶೆಲ್ಫ್ ಬಿಚ್ಚಿ, ತಮ್ಮ ಪ್ರತಿನಿಧಿ ಬಿಟ್ಟುಹೋದ ಮಾದರಿಯನ್ನೂ ತಂದು, ನನ್ನ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟೆ. ಅದು ಸರಕಾರಿ ಮುದ್ರೆ ಬಿದ್ದ ತಕ್ಕಡಿ. ಮಾದರಿ ಶೆಲ್ಫ್ 3 ಕಿಲೋ 520 ಗ್ರಾಂ. ನನ್ನ ಅಂಗಡಿಗೆ ಹಾಕಿದ್ದು 2 ಕಿಲೋ 740 ಗ್ರಾಂ. ಐದೂ ಅಷ್ಟೇ, ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ. ಉದ್ದ, ಅಗಲ, ಮಡಿಕೆ ಎಲ್ಲವೂ ಒಂದೇ. ಪಕ್ಕದ ಲೇತ್ ಅಂಗಡಿಯವರು ಮೂಲೆಯ ಬಣ್ಣ ಕೆರೆದು ಮೈಕ್ರೋಮೀಟರ್ ಹಿಡಿದು ನೋಡಿದರು. ಮಾದರಿ 0.9 ಮಿ.ಮೀ., ಹಾಕಿದ್ದು 0.7 ಮಿ.ಮೀ. ಮೊದಲನೆಯದು 20 ಗೇಜ್, ಎರಡನೆಯದು 22 ಗೇಜ್ ಎಂಬುದನ್ನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ.

ಒಂದು ಶೆಲ್ಫಿಗೆ 780 ಗ್ರಾಂ ಕೊರತೆ. ಗೋಡೆಯ ಹದಿನಾಲ್ಕು ರ‍್ಯಾಕಿನ 84 ಶೆಲ್ಫಿಗೂ ಇದೇ ತಗಡು ಹಾಕಿದ್ದರೆ 65 ಕಿಲೋ ಮೀರಿದ ಉಕ್ಕಿಗೆ ನಾನು ಹಣ ಕೊಟ್ಟಿದ್ದೇನೆ, ಮಾಲು ನನಗೆ ಬಂದಿಲ್ಲ. ನಾನು ಮೂರೂವರೆ ಕಿಲೋ ಸಕ್ಕರೆಯಲ್ಲಿ ಮುಕ್ಕಾಲು ಕಿಲೋ ಹಿಡಿದುಕೊಂಡು ಕೊಟ್ಟರೆ ವಾಕೋಲಾದಲ್ಲಿ ಮರುದಿನ ಅಂಗಡಿ ತೆರೆಯಲು ಸಾಧ್ಯವೇ? ಇಪ್ಪತ್ತಾರು ವರ್ಷದಿಂದ ತೂಗುತ್ತಿರುವ ಕೈ ಇದು. ತೂಕದ ವಿಷಯದಲ್ಲಿ ನನಗೆ ಯಾರೂ ಹೀಗೆ ಮಾಡಿರಲಿಲ್ಲ, ಅದೂ ನಮ್ಮವರೇ.

ಇನ್ನೊಂದು, ಎಲ್ಲಕ್ಕಿಂತ ತುರ್ತಿನದು. 56 ಫಾಸ್ಟನರ್‌ಗೆ ಹಣ ಕೇಳಿದ್ದೀರಿ. ಚೀಲ ಸರಿಸಿ ಟಾರ್ಚ್ ಹಿಡಿದು ಎಣಿಸಿದೆ. ಇರುವುದು 28. ಹತ್ತು ಗಂಟೆ ಹೊಡೆದ ಮೇಲೆ ಮೇಲಿನ ಮಹಡಿಯವರು ಡ್ರಿಲ್ ನಿಲ್ಲಿಸಿ ಎಂದು ಇಳಿದು ಬಂದಿದ್ದರು. ತಮ್ಮವರು ಮೇಲಿನ ಸಾಲಿಗೆ ಹಾಕಿದರು, ಕೆಳಗಿನದನ್ನು ಹಾಗೆಯೇ ಬಿಟ್ಟು ಹೊರಟರು. ಹಾಕಿದವುಗಳಲ್ಲೂ ಆರು ಕಡೆ ಕಬ್ಬಿಣದ ಫಾಸ್ಟನರ್ ಇಲ್ಲ, ಬಲ್ಬಿನ ಪಟ್ಟಿಗೆ ಹೊಡೆಯುವಂಥ ಪ್ಲಾಸ್ಟಿಕ್ ಗಿಟ್ಟಿ ತುರುಕಿ ಸ್ಕ್ರೂ ತಿರುಗಿಸಿದ್ದಾರೆ. ಹಳೆಯ ಇಟ್ಟಿಗೆ ಗೋಡೆ, ಮಳೆಗಾಲದ ತೇವಕ್ಕೆ ಗಾರೆ ಸಡಿಲ. ಎಡಗಡೆಯ ಮೂರನೆಯ ರ‍್ಯಾಕ್ ಕೈ ತಾಗಿದರೆ ಅಲುಗುತ್ತದೆ. ಅದು ಏಳು ಅಡಿ ಎತ್ತರದ್ದು. ಅದರ ಬುಡದಲ್ಲಿಯೇ ನನ್ನ ಹೆಂಡತಿ ಕುಳಿತು ಮೆಣಸು ಆರಿಸುತ್ತಾಳೆ. ಆ ರ‍್ಯಾಕಿನ ಮೇಲಿನ ಮೂರು ಶೆಲ್ಫ್ ಖಾಲಿ ಮಾಡಿ, ನೈಲಾನ್ ಹಗ್ಗದಿಂದ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಹುಡುಗನಿಗೆ ಆ ಕಡೆ ಏಣಿ ಹಾಕಬೇಡ ಎಂದಿದ್ದೇನೆ. ಹಣದ ವಿವಾದ ಇದ್ದೇ ಇರಲಿ, ಇದನ್ನು ಮೊದಲು ಸರಿಪಡಿಸಿ. ಬರುವ ಬುಧವಾರ ಚೌತಿ, ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬಿಲ್ಲಿನ ಬಗ್ಗೆಯೂ ಹೇಳಬೇಕು. 19,044 ರೂಪಾಯಿ ಜಿಎಸ್‌ಟಿ ಎಂದು ಪಡೆದಿದ್ದೀರಿ, ಕೊಟ್ಟಿರುವುದು ಬರಿಯ ಡೆಲಿವರಿ ಚಲನ್. ನಾನು ನೋಂದಣಿ ಇರುವ ವ್ಯಾಪಾರಿ. ತೆರಿಗೆ ಬಿಲ್ ಸಿಕ್ಕಿದರೆ ಆ ಮೊತ್ತವನ್ನು ನನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ಬಿಲ್ ಇಲ್ಲದಿದ್ದರೆ ಅದೂ ನನ್ನ ತಲೆಯ ಮೇಲೆ.

ಆದ್ದರಿಂದ ನಾನು ಕೇಳುವುದು ಇದು. ಈ ಶನಿವಾರದ ಒಳಗೆ ಕೆಲಸಗಾರರನ್ನು ಕಳುಹಿಸಿ ಉಳಿದ 28 ಫಾಸ್ಟನರ್ ಹಾಕಿಸಿ, ಪ್ಲಾಸ್ಟಿಕ್ ಗಿಟ್ಟಿಗಳನ್ನು ತೆಗೆಸಿ. ತೆಳುವಾದ ಶೆಲ್ಫ್‌ಗಳನ್ನು ಹದಿನೈದು ದಿನಗಳಲ್ಲಿ 20 ಗೇಜಿನವುಗಳಿಗೆ ಬದಲಾಯಿಸಿ. ನನ್ನ ತಕ್ಕಡಿಯಲ್ಲಿಯೇ ತೂಗಿ ಒಪ್ಪಿಸಬೇಕು. ಹೆಚ್ಚಾಗಿ ಪಡೆದ 15,500 ರೂಪಾಯಿ ಹಿಂದಿರುಗಿಸಿ, ಬಾಕಿ ಎಂದು ಕೇಳುತ್ತಿರುವ 15,620 ರದ್ದಾಗಿದೆ ಎಂದು ಬರೆದು ಕೊಡಿ. ತೆರಿಗೆ ಬಿಲ್ ಕಳುಹಿಸಿ.

ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ಆ ಮೇಲೆ ಬಾಂದ್ರಾದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ಕೊಂಡವನು ಗ್ರಾಹಕನಲ್ಲ ಎಂದು ತಮ್ಮ ಕಚೇರಿಯವರು ಹೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯಲ್ಲಿಯೇ ಇದೆ. ಕೊಂಡ ಬೆಲೆ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಕೊಟೇಶನ್, ಚಿತ್ರ, ಬಿಳಿ ಹಾಳೆ, ಹಣ ಕಳುಹಿಸಿದ ದಾಖಲೆ, ತಕ್ಕಡಿಯ ಮೇಲಿನ ಶೆಲ್ಫಿನ ಫೋಟೋ ಎಲ್ಲವನ್ನೂ ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಮಾದರಿ ಶೆಲ್ಫನ್ನು ಮಾತ್ರ ಕೊಡುವುದಿಲ್ಲ, ಅದು ನನ್ನ ಬಳಿಯೇ ಇರುತ್ತದೆ.

ಕೆಲಸಗಾರರು ಮಧ್ಯಾಹ್ನ ಎರಡರಿಂದ ಐದರ ಒಳಗೆ ಬಂದರೆ ಅನುಕೂಲ. ಹಿಂದಿನ ದಿನವೇ ತಿಳಿಸಿದರೆ ಎಡಗಡೆಯ ಸಾಲನ್ನು ಬರಿದು ಮಾಡಿ ಇಟ್ಟಿರುತ್ತೇನೆ.

ಇಂತಿ,
ವಾಕೋಲಾದ ದಿನಸಿ ಅಂಗಡಿಯ ಮಾಲೀಕ
(ಸಹಿ)