ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಉಪರಾಷ್ಟ್ರಪತಿ ಹುದ್ದೆಯ 15 ಜನ

ಮಾನ್ಯ ಸಂಪಾದಕರೇ,

ಉಪರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಅವೇ ಮೂರು ತಪ್ಪು ಮರಳಿ ಬರುತ್ತವೆ. ಶಾಸಕರೂ ಮತ ಹಾಕುತ್ತಾರೆ ಎಂದು ಒಬ್ಬರು ಬರೆಯುತ್ತಾರೆ. ಹೊಸಬರು ಹಿಂದಿನವರ ಉಳಿದ ಅವಧಿಯನ್ನು ಮುಗಿಸುತ್ತಾರೆ ಎಂದು ಇನ್ನೊಬ್ಬರು. 'ಹಂಗಾಮಿ ಉಪರಾಷ್ಟ್ರಪತಿ' ಎಂಬ ಇಲ್ಲದ ಹುದ್ದೆಯನ್ನೇ ಮತ್ತೊಬ್ಬರು ಸೃಷ್ಟಿಸಿಬಿಡುತ್ತಾರೆ. ಗಾಡಿಯ ಹಿಂದೆ ನೇತುಹಾಕಿದ ಸ್ಟೆಪ್ನಿಯಂತೆ ಅದೊಂದು ಆಟಕ್ಕುಂಟು ಲೆಕ್ಕಕ್ಕಿಲ್ಲದ ಹುದ್ದೆ ಎಂಬ ಉದಾಸೀನವೇ ಈ ತಪ್ಪುಗಳ ಬೇರು. 1952ರ ಸರ್ವೇಪಲ್ಲಿ ರಾಧಾಕೃಷ್ಣನ್ ಅವರಿಂದ 2025ರ ಸಿ.ಪಿ. ರಾಧಾಕೃಷ್ಣನ್ ಅವರವರೆಗೆ 15 ಜನ ಆ ಕುರ್ಚಿಯಲ್ಲಿ ಕೂತಿದ್ದಾರೆ. ಸ್ಟೆಪ್ನಿ ಎಷ್ಟು ಸಲ ನಿಜವಾಗಿ ರಸ್ತೆಗಿಳಿದಿದೆ ಎಂದು ಎಣಿಸಿ ನೋಡಿದರೆ ಉದಾಸೀನಕ್ಕೆ ಜಾಗವಿಲ್ಲ.

ಮೊದಲು ಮತದಾರರ ಲೆಕ್ಕ. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರಿಗೆ ಮತವಿದೆ, ಸಂಸತ್ತಿನ ನಾಮನಿರ್ದೇಶಿತ ಸದಸ್ಯರಿಗೆ ಇಲ್ಲ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಇದು ತಲೆಕೆಳಗು: ಶಾಸಕರಿಗೆ ಕೆಲಸವೇ ಇಲ್ಲ, ರಾಜ್ಯಸಭೆಯ 12 ನಾಮನಿರ್ದೇಶಿತರಿಗೂ ಮತವಿದೆ. ಲೋಕಸಭೆಯ 543, ರಾಜ್ಯಸಭೆಯ ಚುನಾಯಿತ 233, ನಾಮನಿರ್ದೇಶಿತ 12, ಒಟ್ಟು 788. ಪ್ರತಿ ಮತದ ಮೌಲ್ಯ ಒಂದೇ ಒಂದು. ರಾಜ್ಯದ ಜನಸಂಖ್ಯೆ, ಗುಣಾಕಾರ, ಭಾಗಾಕಾರ ಯಾವುದೂ ಇಲ್ಲ. ಸಂವಿಧಾನದ ಮೂಲ ಪಠ್ಯದಲ್ಲಿ ಎರಡೂ ಸದನಗಳು ಜಂಟಿಯಾಗಿ ಸಭೆ ಸೇರಿ ಆರಿಸಬೇಕೆಂದಿತ್ತು. 1952ರಲ್ಲೂ 1957ರಲ್ಲೂ ರಾಧಾಕೃಷ್ಣನ್ ಅವಿರೋಧವಾಗಿ ಬಂದಿದ್ದರಿಂದ ಅಂಥ ಸಭೆ ಕರೆಯುವ ಪ್ರಸಂಗವೇ ಬರಲಿಲ್ಲ. 1961ರ 11ನೇ ತಿದ್ದುಪಡಿ ಆ ಮಾತನ್ನು ತೆಗೆದು ಈಗಿನ ಮತದಾರ ಮಂಡಲದ ವ್ಯವಸ್ಥೆ ತಂದಿತು.

ಮತಪತ್ರದ ವಿಷಯ ಹೆಚ್ಚು ಸ್ವಾರಸ್ಯದ್ದು. ಇಲ್ಲಿ ಯಂತ್ರವಿಲ್ಲ, ಪಕ್ಷದ ಚಿಹ್ನೆಯಿಲ್ಲ. ಎರಡು ಅಂಕಣದ ಕಾಗದ: ಒಂದರಲ್ಲಿ ಅಭ್ಯರ್ಥಿಗಳ ಹೆಸರು, ಇನ್ನೊಂದು ಖಾಲಿ. ಮತಗಟ್ಟೆಯಲ್ಲಿ ಕೊಡುವ ನೇರಳೆ ಶಾಯಿಯ ಪೆನ್ನಿನಿಂದಲೇ ಖಾಲಿ ಅಂಕಣದಲ್ಲಿ 1 ಎಂದು ಬರೆಯಬೇಕು. ಬೇಕಿದ್ದರೆ ಉಳಿದವರಿಗೆ 2, 3 ಎಂದು ಮುಂದಿನ ಪ್ರಾಶಸ್ತ್ಯ ಕೊಡಬಹುದು, ಕೊಡದಿದ್ದರೂ ನಡೆಯುತ್ತದೆ. ಅಂಕಿ ಯಾವುದೇ ಭಾರತೀಯ ಭಾಷೆಯದ್ದಾಗಿರಬಹುದು, ರೋಮನ್ ಕೂಡ ಆದೀತು. ಅಂದರೆ ನಮ್ಮ ಸಂಸದರು ಕನ್ನಡದ ೧ ಬರೆದರೆ ಆ ಮತ ಸಿಂಧು. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು! ರೈಟ್ ಗುರುತು ಹಾಕಿದರೂ ಹೋಯಿತು, ಇಬ್ಬರ ಮುಂದೆ 1 ಬರೆದರೂ ಹೋಯಿತು, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೂ ಹೋಯಿತು, ಸ್ವಂತ ಪೆನ್ನು ತೆಗೆದರೂ ಹೋಯಿತು. ಸಹಿ ಹಾಕಿದರಂತೂ ಯಾರ ಮತವೆಂದು ಗುರುತು ಸಿಕ್ಕಂತೆ, ಅದೂ ರದ್ದು. ಇಷ್ಟು ಗೊತ್ತಿರಬೇಕಾದ ಜನರ ಕೈಯಲ್ಲೇ 2022ರಲ್ಲಿ 15 ಮತ ಅಸಿಂಧುವಾದವು, 2025ರಲ್ಲಿ ಮತ್ತೆ 15. ಕಾನೂನು ಮಾಡುವವರಿಗೆ ಒಂದಂಕಿ ಬರೆಯಲು ಬಾರದೆ, ಅಥವಾ ಬರೆಯಲು ಮನಸ್ಸಿಲ್ಲದೆ? ಮತ ಗುಪ್ತವಾದ್ದರಿಂದ ಉತ್ತರ ಸಿಗುವುದಿಲ್ಲ. ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಆದೇಶ, ಹೊರಡಿಸುವಂತಿಲ್ಲ. ಅಡ್ಡ ಮತದಾನವಾಯಿತೆಂದು ಎಷ್ಟು ಗುಲ್ಲೆದ್ದರೂ ಹೆಸರು ಹಿಡಿಯುವ ದಾರಿಯಿಲ್ಲ.

ಗೆಲುವಿನ ಕೋಟಾ ತೆಗೆಯುವುದು ಸುಲಭ. ಸಿಂಧು ಮತಗಳನ್ನು ಎರಡರಿಂದ ಭಾಗಿಸಿ, ಅರ್ಧ ಉಳಿದರೆ ಬಿಟ್ಟು, ಒಂದು ಸೇರಿಸಬೇಕು. 2025ರ ಸೆಪ್ಟೆಂಬರ್ 9ರಂದು, ಖಾಲಿ ಸ್ಥಾನಗಳನ್ನು ಬಿಟ್ಟು ಉಳಿದ 781 ಮತದಾರರಲ್ಲಿ 767 ಜನ ಮತ ಹಾಕಿದರು. 15 ಕಳೆದು 752. ಕೋಟಾ 377. ಸಿ.ಪಿ. ರಾಧಾಕೃಷ್ಣನ್ 452, ಬಿ. ಸುದರ್ಶನ ರೆಡ್ಡಿ 300. ಠೇವಣಿ ಉಳಿಯಬೇಕಾದರೆ ಈ ಕೋಟಾದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬೇಕು, ಅಂದರೆ 377ಕ್ಕೆ 63. 2007ರಲ್ಲಿ ಮೂವರು ಕಣದಲ್ಲಿದ್ದರು: ಹಮೀದ್ ಅನ್ಸಾರಿ 455, ನಜ್ಮಾ ಹೆಪ್ತುಲ್ಲಾ 222, ರಶೀದ್ ಮಸೂದ್ 75. ಕೂಡಿದರೆ ಅಲ್ಲೂ 752. ಮೂರನೆಯವರಾದರೂ ಮಸೂದ್ ಅವರ ಠೇವಣಿ ಉಳಿಯಿತು. 1992ರ ಫಲಿತಾಂಶವೇ ಬೇರೆ ಬಗೆಯದು. 701 ಸಿಂಧು ಮತಗಳಲ್ಲಿ ಕೆ.ಆರ್. ನಾರಾಯಣನ್ ಅವರಿಗೆ 700, ಎಲ್ಲ ಚುನಾವಣೆಗೂ ನಿಲ್ಲುತ್ತಿದ್ದ ಕಾಕಾ ಜೋಗಿಂದರ್ ಸಿಂಗ್ ಅವರಿಗೆ ಒಂದು. ಆಗ ನಾಮಪತ್ರಕ್ಕೆ ಐವರು ಸೂಚಕರು, ಐವರು ಅನುಮೋದಕರು, 2,500 ರೂಪಾಯಿ ಠೇವಣಿ ಸಾಕಿತ್ತು. 1997ರಲ್ಲಿ ಇದನ್ನು 20 ಸೂಚಕರು, 20 ಅನುಮೋದಕರು, 15,000 ರೂಪಾಯಿಗೆ ಏರಿಸಲಾಯಿತು. ಹಣಕ್ಕಿಂತ ಆ 40 ಸಂಸದರ ಸಹಿಯೇ ಈಗ ನಿಜವಾದ ಜರಡಿ, ಏಕೆಂದರೆ ಒಬ್ಬ ಸಂಸದ ಒಬ್ಬ ಅಭ್ಯರ್ಥಿಗೆ ಮಾತ್ರ ಸಹಿ ಹಾಕಬಹುದು.

ಇನ್ನು ಅವಧಿ. ಅಮೆರಿಕದಲ್ಲಿ ನಡುವೆ ಬಂದ ಉಪಾಧ್ಯಕ್ಷರು ಹಿಂದಿನವರ ಉಳಿದ ದಿನಗಳಿಗಷ್ಟೇ ಬರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಯಾವಾಗ ಬಂದರೂ ಅಧಿಕಾರ ವಹಿಸಿಕೊಂಡ ದಿನದಿಂದ ಪೂರ್ತಿ ಐದು ವರ್ಷ ಎಂದು 68ನೇ ವಿಧಿ ಹೇಳುತ್ತದೆ. ಮೊದಲ ಮೂವರು ಮೇ 13ರಂದು ಅಧಿಕಾರ ವಹಿಸಿಕೊಂಡರು. 1969ರಲ್ಲಿ ವಿ.ವಿ. ಗಿರಿ ನಡುವೆಯೇ ಬಿಟ್ಟಿದ್ದರಿಂದ, ಅಲ್ಲಿಯವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಿ.ಎಸ್. ಪಾಠಕ್ ಅವರ ಐದು ವರ್ಷ ಆಗಸ್ಟ್ 31ರಿಂದ ಶುರುವಾಯಿತು. ಮೇ ತಿಂಗಳ ಹುದ್ದೆ ಆಗಸ್ಟಿಗೆ ಜಾರಿದ್ದು ಹೀಗೆ. 2025ರ ಜುಲೈ 21ರಂದು ಜಗದೀಪ್ ಧನಕರ್ ಆರೋಗ್ಯದ ಕಾರಣ ನೀಡಿ ರಾಜೀನಾಮೆ ಕೊಟ್ಟ ಮೇಲೆ ಅದು ಸೆಪ್ಟೆಂಬರ್ 12ಕ್ಕೆ ಜಾರಿದೆ.

ಆ 1969ರ ಬೇಸಿಗೆಯನ್ನು ಸ್ವಲ್ಪ ನಿಂತು ನೋಡಬೇಕು. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ರಾಷ್ಟ್ರಪತಿ ಅಗಲಿದ್ದು ಅದೇ ಮೊದಲು. ಉಪರಾಷ್ಟ್ರಪತಿ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಅವರಿಗೂ ಏನಾದರೂ ಆದರೆ? ಸಂವಿಧಾನದಲ್ಲಿ ಉತ್ತರ ಇರಲಿಲ್ಲ, ಸಂಸತ್ತು ಕಾನೂನು ಮಾಡಬಹುದೆಂದು 70ನೇ ವಿಧಿ ಹೇಳಿ ಸುಮ್ಮನಾಗಿತ್ತು. ಅದೇ ತಿಂಗಳಲ್ಲಿ ತರಾತುರಿಯಿಂದ ಕಾಯ್ದೆ ಬಂತು: ಎರಡೂ ಕುರ್ಚಿ ಖಾಲಿಯಾದರೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಅವರೂ ಇಲ್ಲದಿದ್ದರೆ ಅಲ್ಲಿನ ಅತ್ಯಂತ ಹಿರಿಯ ನ್ಯಾಯಮೂರ್ತಿ. ಎರಡು ತಿಂಗಳೊಳಗೆ ಆ ಕಾಯ್ದೆ ಕೆಲಸಕ್ಕೆ ಬಂತು. ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಗಿರಿ ಜುಲೈ 20ರಂದು ರಾಜೀನಾಮೆ ಕೊಟ್ಟರು, ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಆಗಸ್ಟ್ 24ರವರೆಗೆ ರಾಷ್ಟ್ರಪತಿ ಕೆಲಸ ನೋಡಿಕೊಂಡರು. ಇದೇ ಹಿದಾಯತುಲ್ಲಾ 1979ರಲ್ಲಿ ಉಪರಾಷ್ಟ್ರಪತಿಯಾಗಿ, 1982ರಲ್ಲಿ ಜೈಲ್ ಸಿಂಗ್ ಚಿಕಿತ್ಸೆಗೆ ಅಮೆರಿಕಕ್ಕೆ ಹೋದಾಗ ಮತ್ತೆ ಅದೇ ಕೆಲಸ ಮಾಡಿದರು.

ರಾಜೀನಾಮೆಯ ಹಿಂದಿನ ದಿನ, ಜುಲೈ 19ರಂದು, ಗಿರಿ ಒಂದು ಸುಗ್ರೀವಾಜ್ಞೆಗೆ ಸಹಿ ಹಾಕಿದ್ದರು. 14 ಬ್ಯಾಂಕುಗಳ ರಾಷ್ಟ್ರೀಕರಣ. ಕರಾವಳಿಯ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಸರ್ಕಾರದ ಕೈಗೆ ಹೋದದ್ದು ಆ ಸಹಿಯಿಂದ. ಲೆಕ್ಕಕ್ಕಿಲ್ಲದವರ ಸಹಿ!

ರಾಷ್ಟ್ರಪತಿ ತೀರಿಕೊಂಡು ಹಂಗಾಮಿ ಹೊಣೆ ಎರಡನೇ ಸಲ ಬಿದ್ದದ್ದು ಕನ್ನಡಿಗರೊಬ್ಬರ ಮೇಲೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ. 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ದೇಶದಲ್ಲಿ ತುರ್ತು ಪರಿಸ್ಥಿತಿ ಇನ್ನೂ ಇತ್ತು, ಲೋಕಸಭಾ ಚುನಾವಣೆ ತಿಂಗಳೊಪ್ಪತ್ತು ದೂರವಿತ್ತು. ಜುಲೈ 25ರವರೆಗಿನ ಐದೂವರೆ ತಿಂಗಳಲ್ಲಿ ಅವರ ಕೈಯಿಂದ ಹಾದುಹೋದ ಕಾಗದಗಳನ್ನು ನೋಡಿ: ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿ ಹಿಂತೆಗೆತ, 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ, 27ರಂದು 1971ರಿಂದ ಉಳಿದಿದ್ದ ಬಾಹ್ಯ ತುರ್ತು ಪರಿಸ್ಥಿತಿಗೂ ತೆರೆ.

ಆಮೇಲೆ ಬಂತು ಇಕ್ಕಟ್ಟು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಎಂದು ಜನತಾ ಸರ್ಕಾರ ಸಲಹೆ ಮಾಡಿತು. ಉತ್ತರಪ್ರದೇಶ, ಬಿಹಾರ, ರಾಜಸ್ಥಾನ, ಪಶ್ಚಿಮ ಬಂಗಾಳ ಮೊದಲಾದವು ಆ ಪಟ್ಟಿಯಲ್ಲಿದ್ದವು, ದೇವರಾಜ ಅರಸರ ಕರ್ನಾಟಕ ಇರಲಿಲ್ಲ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್ 29ರಂದು ಸೋತವು. ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ಯೋಚಿಸಬೇಕೆಂದರು, ದೆಹಲಿ ಉಸಿರು ಬಿಗಿಹಿಡಿಯಿತು. 30ರಂದು ಸಹಿ ಬಿತ್ತು. ಅವರು ಹೆದರಿ ಮಣಿದರು ಎಂದು ಬರೆಯುವವರು ಒಂದು ಸಂಗತಿ ಮರೆಯುತ್ತಾರೆ. ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು 42ನೇ ತಿದ್ದುಪಡಿ ಆಗಷ್ಟೇ ಬರೆದಿಟ್ಟಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳಿಸುವ ಅಧಿಕಾರ ರಾಷ್ಟ್ರಪತಿಗೆ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಿಂದ. ಹಾಗಾಗಿ 1977ರ ಏಪ್ರಿಲಿನಲ್ಲಿ ಜತ್ತಿಯವರ ಕೈಯಲ್ಲಿದ್ದದ್ದು ತಡಮಾಡುವುದೊಂದೇ. ಅದನ್ನವರು ಒಂದು ದಿನ ಬಳಸಿದರು. ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು, ನಮ್ಮ ಕಡೆಯವರಿಗಂತೂ ಇದು ಬೇಸರದ ಸಂಗತಿ.

ದಿನನಿತ್ಯದ ಮಾತಿಗೆ ಬಂದರೆ ಉಪರಾಷ್ಟ್ರಪತಿಯ ಹೊಟ್ಟೆಪಾಡಿನ ಕೆಲಸ ರಾಜ್ಯಸಭೆಯ ಸಭಾಪತಿಗಿರಿ. ಹೊಟ್ಟೆಪಾಡು ಎಂದದ್ದು ತಮಾಷೆಗಲ್ಲ. ಉಪರಾಷ್ಟ್ರಪತಿ ಎಂಬ ಹೆಸರಿಗೆ ಸಂಬಳವೇ ಇಲ್ಲ, 2018ರಿಂದ ತಿಂಗಳಿಗೆ 4 ಲಕ್ಷ ರೂಪಾಯಿ ಬರುತ್ತಿರುವುದು ಸಭಾಪತಿಯೆಂದು. ಆದರೆ ಅವರು ಸದನದ ಸದಸ್ಯರಲ್ಲ, ಮತಗಳು ಸಮವಾದಾಗ ಮಾತ್ರ ಅವರಿಗೆ ಮತ. ಎರಡೂ ಸದನಗಳ ಜಂಟಿ ಅಧಿವೇಶನದಲ್ಲಿ ಅಧ್ಯಕ್ಷತೆ ಲೋಕಸಭಾ ಸ್ಪೀಕರ್ ಅವರದು. ಸ್ಪೀಕರ್, ಡೆಪ್ಯುಟಿ ಸ್ಪೀಕರ್ ಇಬ್ಬರೂ ಇಲ್ಲದಿದ್ದರೆ ರಾಜ್ಯಸಭೆಯ ಉಪಸಭಾಪತಿ ಬರುತ್ತಾರೆಯೇ ಹೊರತು ಸಭಾಪತಿ ಬರುವುದಿಲ್ಲ. ಹಾಗೆಂದು ಕೈಯಲ್ಲಿ ಅಧಿಕಾರವಿಲ್ಲ ಎನ್ನುವಂತಿಲ್ಲ. ಪಕ್ಷಾಂತರದ ದೂರು ಅವರ ಮುಂದೆ ಬರುತ್ತದೆ; 2017ರ ಡಿಸೆಂಬರಿನಲ್ಲಿ ಶರದ್ ಯಾದವ್ ಸದಸ್ಯತ್ವ ಕಳೆದುಕೊಂಡದ್ದು ವೆಂಕಯ್ಯ ನಾಯ್ಡು ಅವರ ಆದೇಶದಿಂದ. ನ್ಯಾಯಾಧೀಶರ ಪದಚ್ಯುತಿಗೆ ರಾಜ್ಯಸಭೆಯ 50 ಸದಸ್ಯರು ಸಹಿ ಮಾಡಿ ಕೊಟ್ಟ ನೋಟಿಸನ್ನು ಒಪ್ಪುವುದು, ತಳ್ಳುವುದು ಅವರಿಗೇ ಬಿಟ್ಟದ್ದು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ವಿರುದ್ಧದ ನೋಟಿಸನ್ನು 2009ರಲ್ಲಿ ಹಮೀದ್ ಅನ್ಸಾರಿ ಒಪ್ಪಿಕೊಂಡರು. 2018ರಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ವಿರುದ್ಧದ್ದನ್ನು ನಾಯ್ಡು ತಳ್ಳಿಹಾಕಿದರು.

ಸಭಾಪತಿಯನ್ನೇ ತೆಗೆಯಬೇಕಾದರೆ? ರಾಜ್ಯಸಭೆಯ ಆಗಿನ ಎಲ್ಲ ಸದಸ್ಯರ ಬಹುಮತ ಬೇಕು, ಹಾಜರಿದ್ದವರ ಬಹುಮತ ಸಾಲದು. ಸದನ ಭರ್ತಿಯಾಗಿದ್ದರೆ 245ಕ್ಕೆ 123. ಆಮೇಲೆ ಲೋಕಸಭೆ ಒಪ್ಪಬೇಕು. ಎಲ್ಲಕ್ಕಿಂತ ಮೊದಲು 14 ದಿನದ ನೋಟಿಸು. 2024ರ ಡಿಸೆಂಬರ್ 10ರಂದು ವಿರೋಧ ಪಕ್ಷಗಳು ಧನಕರ್ ವಿರುದ್ಧ ನೋಟಿಸು ಕೊಟ್ಟಾಗ ಅಧಿವೇಶನ ಮುಗಿಯುವುದಿದ್ದದ್ದು 20ಕ್ಕೆ. ಕ್ಯಾಲೆಂಡರ್ ನೋಡಿದ್ದರೆ ಸಾಕಿತ್ತು. ಉಪಸಭಾಪತಿ ಅದನ್ನು ತಳ್ಳಿಹಾಕಿದರು.

ಉಪರಾಷ್ಟ್ರಪತಿಗಳು ತಾನಾಗಿ ರಾಷ್ಟ್ರಪತಿಗಳಾಗುತ್ತಾರೆ ಎಂಬ ನಂಬಿಕೆಗೂ ಎರಡು ಮಾತು. ಮೊದಲ ಮೂವರು ಆದರು. ಪಾಠಕ್, ಜತ್ತಿ, ಹಿದಾಯತುಲ್ಲಾ ಆಗಲಿಲ್ಲ. ವೆಂಕಟರಾಮನ್, ಶಂಕರ ದಯಾಳ್ ಶರ್ಮಾ, ನಾರಾಯಣನ್ ಆದರು. 1997ರಿಂದೀಚೆಗೆ ಯಾರೂ ಆಗಿಲ್ಲ. ಕೃಷ್ಣಕಾಂತ್ 2002ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು, ಭೈರೋನ್ ಸಿಂಗ್ ಶೆಖಾವತ್ 2007ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತು ರಾಜೀನಾಮೆ ಕೊಟ್ಟರು.

ಈಗ ನಮ್ಮ ತಕರಾರು. ರಾಷ್ಟ್ರಪತಿ ಸ್ಥಾನ ನಡುವೆ ಖಾಲಿಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು. ಉಪರಾಷ್ಟ್ರಪತಿ ಸ್ಥಾನ ಖಾಲಿಯಾದರೆ 68ನೇ ವಿಧಿ ಹೇಳುವುದು 'ಸಾಧ್ಯವಾದಷ್ಟು ಬೇಗ' ಎಂದಷ್ಟೇ. ಆ ನಡುವೆ ಉಪರಾಷ್ಟ್ರಪತಿಯಾಗಿ ಕೆಲಸ ಮಾಡುವವರು ಯಾರೂ ಇರುವುದಿಲ್ಲ, ಉಪಸಭಾಪತಿ ಸದನ ನಡೆಸುತ್ತಾರೆ ಅಷ್ಟೆ. 2025ರಲ್ಲಿ ಚುನಾವಣಾ ಆಯೋಗ 50 ದಿನದಲ್ಲಿ ಮತದಾನ ಮುಗಿಸಿತು, ಒಳ್ಳೆಯದೇ. ಆದರೆ ಎಳೆಯಬೇಕೆಂದು ಹೊರಟ ಸರ್ಕಾರವನ್ನು ತಡೆಯುವ ಗಡುವು ಸಂವಿಧಾನದಲ್ಲಿಲ್ಲ. ಇಲ್ಲೂ ಆರು ತಿಂಗಳೆಂದು ಒಂದು ಸಾಲು ಸೇರಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ತಮ್ಮ ವರದಿಗಾರರಿಗೊಂದು ಸೂಚನೆ. 1987ರಿಂದ 2022ರವರೆಗೆ ರಾಷ್ಟ್ರಪತಿ, ಉಪರಾಷ್ಟ್ರಪತಿ ಚುನಾವಣೆಗಳು ಒಂದೇ ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದವು. ಆ ಜೋಡಿ ಈಗ ಕಳಚಿದೆ. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ, ಸಿ.ಪಿ. ರಾಧಾಕೃಷ್ಣನ್ ಅವರದು 2030ರ ಸೆಪ್ಟೆಂಬರ್ 11ಕ್ಕೆ. 2027ರಲ್ಲಿ ಹಳೆಯ ಸುದ್ದಿಯನ್ನೇ ತಿದ್ದಿ 'ಆಗಸ್ಟಿನಲ್ಲಿ ಉಪರಾಷ್ಟ್ರಪತಿ ಚುನಾವಣೆ' ಎಂದು ಹಾಕಿಬಿಡಬೇಡಿ. ಅವರೇ ರಾಷ್ಟ್ರಪತಿಯಾಗಿ ಹೋದರೆ ಅಥವಾ ಬೇರೆ ಕಾರಣಕ್ಕೆ ಕುರ್ಚಿ ನಡುವೆಯೇ ಖಾಲಿಯಾದರೆ ಮಾತ್ರ ಹೊಸ ಚುನಾವಣೆ ಬರುತ್ತದೆ, ಆಗಲೂ ಗೆದ್ದವರಿಗೆ ಸಿಗುವುದು ಪೂರ್ತಿ ಐದು ವರ್ಷವೇ.

— ಒಬ್ಬ ಓದುಗ, ಜಮಖಂಡಿ