ಒಯ್ದವರು ಯಾರು ಅಂತ ಬರೆ, ತಂಗೀ

ಪ್ರೀತಿಯ ತಂಗೀ,

ಭ್ರಷ್ಟಾಚಾರದ ಬಗ್ಗೆ ನೀನು ಬರೆದ ಲೇಖನದ ಹಸ್ತಪ್ರತಿ ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಪಕ್ಷದವರೂ ಕೇಳೋದಿಲ್ಲ, ಪತ್ರಿಕೆಯವರೂ ಕೇಳೋದಿಲ್ಲ, ನಾನೊಬ್ಬಳು ಬರೆದು ಏನಾಗಬೇಕು’ ಅಂದಿದ್ದೀಯ. ಶಿರಸಿಯ ಆ ಮಳೆಯಲ್ಲಿ ಒಬ್ಬಳೇ ಕೂತು ಹೀಗೆ ಬರೆದೆಯಲ್ಲ ಅಂತ ಸಂಕಟವಾಯಿತು.

ಕಾಗುಣಿತ, ಶೀರ್ಷಿಕೆ ಎಲ್ಲ ತಾನಾಗಿ ಬರುತ್ತದೆ, ಬಿಡು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಿನ್ನ ಲೇಖನದಲ್ಲಿ ಹಣ ಪೋಲಾಗಿದೆ, ಮರಳು ಸಾಗಿದೆ, ಕಡತ ಕಾಣೆಯಾಗಿದೆ. ಮಾಡಿದವರು ಎಲ್ಲಿ? ಬರೀ ‘ಪ್ರಭಾವಿಗಳು’ ಅಂದರೆ ಯಾರು ಅಂತ ತಿಳಿಯಬೇಕು?

ಈ ಚಟ ನನಗೂ ಇತ್ತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಹೋಯಿತು. ನಾನಾಗ ಅಂಕೋಲೆಯಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ‘ಅದಿರು ನಾಪತ್ತೆ’ ಅಂತ ಬರೆದೆ. ಅದಿರಿಗೆ ಕಾಲಿಲ್ಲ. ತುಂಬಿದವರಿದ್ದರು, ಸಹಿ ಹಾಕಿದವರಿದ್ದರು. ಯಾರ ಸಹಿ ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಸಂಬಳ ಅಂತ ಇರಲಿಲ್ಲ, ಜಾಹೀರಾತಿನ ಕಮಿಷನ್ನೇ ಹೊಟ್ಟೆಪಾಡು. ನಾಯಕರ ಹುಟ್ಟುಹಬ್ಬದ ಶುಭಾಶಯಕ್ಕೆ, ದೀಪಾವಳಿ ಪುರವಣಿಗೆ ಎಲ್ಲ ಪಕ್ಷದವರ ಬಾಗಿಲಿಗೂ ಹೋಗುತ್ತಿದ್ದೆ. ಬೆಳಿಗ್ಗೆ ಕೈಚಾಚಿದವನು ಸಂಜೆ ಏನು ಕೇಳುತ್ತಾನೆ? ಪತ್ರಿಕೆ ಯಾಕೆ ಕೇಳೋದಿಲ್ಲ ಅನ್ನುವುದಕ್ಕೆ ನಾನು ಕಂಡ ಉತ್ತರ ಇದು. ಹದಿನಾಲ್ಕು ವರ್ಷಕ್ಕೂ ಮೇಲಾಯಿತು, ಆ ಎರಡು ಶಬ್ದ ಇವತ್ತಿಗೂ ಚುಚ್ಚುತ್ತದೆ.

ಇನ್ನು ಪಕ್ಷಗಳು. 2010ರಲ್ಲಿ ಕಾಂಗ್ರೆಸ್ಸಿನವರು ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದರು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಬಿಜೆಪಿಯ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಟ್ಟರು. ಆಮೇಲೆ? 2016ರಲ್ಲಿ ಕಾಂಗ್ರೆಸ್ ಸರ್ಕಾರವೇ ಎಸಿಬಿ ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತಿತು. ವಿರೋಧ ಪಕ್ಷದಲ್ಲಿದ್ದಾಗ ಎಸಿಬಿಯನ್ನು ಬೈದ ಬಿಜೆಪಿ, 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಹಾಗೇ ಇಟ್ಟುಕೊಂಡಿತು. ಕೊನೆಗೆ 2022ರಲ್ಲಿ ರದ್ದು ಮಾಡಿದ್ದು ಹೈಕೋರ್ಟು. ಬೇಲೆಕೇರಿ ಪ್ರಕರಣದ ಆರೋಪಿ ಸತೀಶ್ ಸೈಲ್ ಅವರಿಗೆ 2018ರಲ್ಲೂ 2023ರಲ್ಲೂ ಕಾಂಗ್ರೆಸ್ ಟಿಕೆಟ್ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿತು. ನವೆಂಬರಿನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನೋಡು, ಈ ಕೊನೆಯ ವಾಕ್ಯವನ್ನೂ ಬರೆಯಲೇಬೇಕು. ಹೆಸರು ಹಾಕಿದ ಮೇಲೆ ಆ ಮನುಷ್ಯನಿಗೂ ನ್ಯಾಯ ಸಿಗಬೇಕು, ಅಲ್ವಾ? ಅದಕ್ಕೇ ಹೆಸರು ಹಾಕಿ ಬರೆಯೋದು ಕಷ್ಟ. ‘ಪ್ರಭಾವಿಗಳು’ ಅಂದುಬಿಟ್ಟರೆ ಯಾವ ಕಾಗದವನ್ನೂ ನೋಡಬೇಕಾಗಿಲ್ಲ.

ಒಬ್ಬರ ಕಡತ ಇನ್ನೊಬ್ಬರ ಕಪಾಟಿನಲ್ಲಿದೆ. ಹಾಗಾಗಿ ಚುನಾವಣೆ ಬಂದಾಗ ಕೂಗುತ್ತಾರೆ, ಮುಗಿದ ಮೇಲೆ ಸುಮ್ಮನಾಗುತ್ತಾರೆ. ನಿನ್ನ ಕಡತ ಯಾರ ಕಪಾಟಿನಲ್ಲೂ ಇಲ್ಲ. ನಿನಗ್ಯಾಕೆ ಅವರ ಭಾಷೆ?

ಮೂರನೇ ಪುಟದ ಮರಳಿನ ಪ್ಯಾರಾ ಮತ್ತೆ ಬರೆ. ಪರವಾನಗಿಯ ಮೇಲೆ ಯಾರ ಸಹಿ ಇದೆ, ನೀನೇ ಕಣ್ಣಾರೆ ನೋಡು. ಅಭ್ಯರ್ಥಿಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಅಜ್ಜಿಯ ಬಗ್ಗೆ ಬರೆದ ಪುಟ ಮುಟ್ಟಬೇಡ, ಅದು ಚೆನ್ನಾಗಿದೆ. ದೀಪಾವಳಿಗೆ ಅಂಕೋಲೆ ಕಡೆ ಬಂದರೆ ತಿದ್ದಿದ ಪ್ರತಿ ತಗೊಂಡು ಬಾ.

ನಿನ್ನ,
ಅಣ್ಣ