ನಾನಿಲ್ಲದಿದ್ದರೂ ಅವರು ನಡೆಯುತ್ತಿದ್ದರೇನೋ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಪಾರ್ಶ್ವವಾಯು ಬಡಿದು ನಿನ್ನ ಹತ್ತಿರ ಫಿಸಿಯೋಥೆರಪಿಗೆ ಬಂದ ಆ ಹಿರಿಯರು ಕೋಲಿಲ್ಲದೆ ವಾರ್ಡಿನ ಬಾಗಿಲವರೆಗೆ ನಡೆದದ್ದು, ಮನೆಯವರೆಲ್ಲ ನರರೋಗದ ಡಾಕ್ಟರ ಕೈ ಹಿಡಿದು ಕಣ್ಣೀರಿಟ್ಟದ್ದು, ಡಿಸ್ಚಾರ್ಜ್ ಸಮ್ಮರಿಯಲ್ಲಿ ನಿನ್ನ ಆರು ವಾರದ ದುಡಿಮೆಗೆ ‘ಫಿಸಿಯೋಥೆರಪಿ ನೀಡಲಾಯಿತು’ ಎಂಬ ಎರಡೇ ಪದ ಬಿದ್ದದ್ದು, ಎಲ್ಲ ಓದಿದೆ. ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ನಿದ್ದೆ ಕೆಡಿಸಿದ್ದು ಅದಾದ ಮೇಲೆ ನೀನು ಬರೆದ ಒಂದು ಸಾಲು: “ದೊಡ್ಡಮ್ಮ, ನಾನಿಲ್ಲದಿದ್ದರೂ ಅವರು ನಡೆಯುತ್ತಿದ್ದರೇನೋ.”

ಈ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಮೂವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದೆ. ನೀನು ಕೆಲಸದ ಐದನೇ ವರ್ಷಕ್ಕೇ ಬಾಯಿಬಿಟ್ಟು ಹೇಳಿದ್ದೀಯ ಅಂದರೆ ನನಗಿಂತ ಧೈರ್ಯ ನಿನ್ನದು.

ನಿನ್ನ ಭಯ ಪೂರ್ತಿ ಸುಳ್ಳು ಎಂದು ಹೇಳಿ ಸಮಾಧಾನ ಮಾಡಲಾರೆ. ನಿನಗೂ ಗೊತ್ತು. ಪಾರ್ಶ್ವವಾಯು ಬಡಿದ ಮೇಲೆ ಮೆದುಳಿನ ಬಾವು ಇಳಿಯುತ್ತದೆ, ಸುಮ್ಮನಾಗಿದ್ದ ಭಾಗಗಳು ಮತ್ತೆ ಎಚ್ಚರಗೊಳ್ಳುತ್ತವೆ. ತಾನಾಗಿ ಬರಬೇಕಾದ ಚೇತರಿಕೆಯ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಬಂದುಬಿಡುತ್ತದೆ. ನಾವು ಕೆಲಸ ಮಾಡುವುದೂ ಅದೇ ತಿಂಗಳುಗಳಲ್ಲಿ. ಶಸ್ತ್ರಚಿಕಿತ್ಸೆ ಮಾಡಿದವರಿಗೆ ತಾವು ಹಾಕಿದ ಹೊಲಿಗೆ ಕಣ್ಣಿಗೆ ಕಾಣುತ್ತದೆ. ನಮ್ಮ ಕೆಲಸ ದೇಹದ ಸ್ವಂತ ಕೆಲಸದೊಳಗೆ ಬೆರೆತುಹೋಗುತ್ತದೆ, ಇದು ನನ್ನದು, ಇದು ಪ್ರಕೃತಿಯದು ಎಂದು ಬೇರ್ಪಡಿಸಿ ತೋರಿಸಲಾಗುವುದಿಲ್ಲ. ಒಬ್ಬ ರೋಗಿಯನ್ನು ನೀನಿದ್ದು ಒಮ್ಮೆ, ನೀನಿಲ್ಲದೆ ಇನ್ನೊಮ್ಮೆ ನಡೆಸಿ ನೋಡಲು ಯಾರಿಂದಲೂ ಆಗದು. ಹಾಗಾಗಿ ಆ ಹಿರಿಯರ ವಿಷಯದಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಮಗಳೇ. ನನಗೂ ಸಿಗಲಿಲ್ಲ.

ಆದರೆ ಅವರ ಭುಜ ಹೇಗಿದೆ? ಅದನ್ನು ನೀನು ಬರೆಯಲೇ ಇಲ್ಲ. ನಡಿಗೆಯ ಬಗ್ಗೆ ಎರಡು ಪುಟ ಬರೆದೆ, ಭುಜದ ಬಗ್ಗೆ ಒಂದಕ್ಷರವಿಲ್ಲ. ನೋವಿಲ್ಲದ್ದಕ್ಕೇ ಬರೆಯಲಿಲ್ಲ ಅಂದುಕೊಂಡಿದ್ದೇನೆ. ಸ್ವಾಧೀನ ತಪ್ಪಿದ ತೋಳು ಜೋತುಬಿದ್ದಾಗ ಕೀಲು ಕೆಳಗೆ ಜಾರಿ, ಭುಜದ ತುದಿಯ ಮೂಳೆಯ ಕೆಳಗೆ ಒಂದು ಬೆರಳು ಹಿಡಿಸುವಷ್ಟು ಹಳ್ಳ ಬೀಳುತ್ತದಲ್ಲ, ನಿನ್ನ ಬೆರಳು ಎಷ್ಟು ಸಲ ಆ ಹಳ್ಳ ಹುಡುಕಿರಬಹುದು! ಹಾಸಿಗೆಯಿಂದ ಏಳಿಸುವವರಿಗೆ ಎಷ್ಟು ಸಲ ಹೇಳಿರುತ್ತೀಯ, ಕೈ ಹಿಡಿದು ಎಳೆಯಬೇಡಿ, ಬೆನ್ನ ಹಿಂದೆ ಕೈಕೊಟ್ಟು ಎಬ್ಬಿಸಿ ಎಂದು. ತೋಳಿನ ಕೆಳಗೆ ದಿಂಬು ಇಟ್ಟವಳು ನೀನು. ಪಾದ ಕೆಳಗೆ ಬಾಗಿ ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗದಂತೆ ದಿನವೂ ನಿಲ್ಲಿಸಿದವಳೂ ನೀನೇ. ಅವರು ರಾತ್ರಿ ಭುಜನೋವಿಲ್ಲದೆ ಮಲಗುತ್ತಿದ್ದರೆ ಅದಕ್ಕೆ ಯಾರೂ ಯಾರ ಕೈಯನ್ನೂ ಹಿಡಿದು ಅಳುವುದಿಲ್ಲ. ಬಾರದೇ ಹೋದ ನೋವಿಗೆ ಸಾಕ್ಷಿ ಎಲ್ಲಿಂದ ತರುವುದು?

ಭುಜದ ವಿಷಯ ಎತ್ತಿದ್ದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನ ವಾರ್ಡಿನಲ್ಲಿ ಒಬ್ಬ ಹೆಂಗಸು ಇದ್ದರು, ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಅವರನ್ನು ಎಬ್ಬಿಸುವಾಗ ತೋಳು ಎಳೆಯುತ್ತಿದ್ದರು, ನಾನು ನೋಡಿದೆ. ಬಾಯಲ್ಲಿ ಹೇಳಿದೆ. ಕೇಸ್ ಶೀಟಿನಲ್ಲಿ ಬರೆಯಲಿಲ್ಲ. ರೌಂಡ್ಸ್ ಬಂದಾಗ ಎಲ್ಲರ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಭುಜ ಮುಟ್ಟಿದರೆ ಕಿರುಚುತ್ತಾರೆ ಎಂದು ಯಾರೋ ಅಂದರು, ಲಕ್ವದಲ್ಲಿ ಹೀಗೆ ಆಗುತ್ತದೆ ಎಂದು ಹಿರಿಯ ಡಾಕ್ಟರು ಮುಂದಿನ ಹಾಸಿಗೆಗೆ ನಡೆದರು. “ಸರ್, ತೋಳು ಎಳೆದದ್ದರಿಂದ ಹೀಗಾಗಿದೆ” ಎಂಬ ನಾಲ್ಕು ಪದ ಗಂಟಲಲ್ಲೇ ಉಳಿಯಿತು. ನಾನು ಯಾರು ಹೇಳಲಿಕ್ಕೆ, ವ್ಯಾಯಾಮ ಮಾಡಿಸುವವಳು, ಅಂದುಕೊಂಡೆ. ಆ ಭುಜ ಆಮೇಲೆ ಸಡಿಲವಾಗಲೇ ಇಲ್ಲ. ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ನಂಬಿದ್ದಕ್ಕೆ ಆ ತಾಯಿ ಬೆಲೆ ತೆತ್ತರು. ಅದಕ್ಕೇ ನಿನ್ನ ಸಾಲು ಓದಿ ನನಗೆ ಅಷ್ಟು ಕಳವಳವಾಗಿದ್ದು. ಆ ಭಯ ಮನಸ್ಸಿನಲ್ಲಿ ಸುಮ್ಮನೆ ಕೂತಿರುವುದಿಲ್ಲ ಪುಟ್ಟಿ, ಬಾಯಿ ಕಟ್ಟುತ್ತದೆ.

ನಾನಿಲ್ಲದಿದ್ದರೂ ಆಗುತ್ತಿತ್ತು ಎನ್ನುವ ಮಾತಿಗೆ ಇನ್ನೊಂದು ಕಡೆಯಿಂದ ಯೋಚಿಸು. 2015ರಲ್ಲಿ ಬಂದ ಅವರ್ಟ್ ಅಧ್ಯಯನ ನೀನು ಓದಿರುತ್ತೀಯ. ಅದನ್ನು ಮುನ್ನಡೆಸಿದ ಜೂಲಿ ಬರ್ನ್‌ಹಾರ್ಟ್ ನಮ್ಮ ವೃತ್ತಿಯವರೇ. 5 ದೇಶಗಳ 2,104 ರೋಗಿಗಳು. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ ಮತ್ತೆಮತ್ತೆ, ಹೆಚ್ಚು ಹೊತ್ತು ನಿಲ್ಲಿಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು 46%, ಮಾಮೂಲಿ ಆರೈಕೆ ಪಡೆದವರಲ್ಲಿ 50%. ಮೊದಲು ಓದಿದಾಗ ನನಗೆ ಅವಮಾನವಾದಂತಾಯಿತು. ಇಷ್ಟು ವರ್ಷ ಬೇಗ ಎಬ್ಬಿಸಿ, ಬೇಗ ಎಬ್ಬಿಸಿ ಎಂದವಳು ನಾನು. ಆಮೇಲೆ ಒಂದು ದಿನ ಹೊಳೆಯಿತು: ಪ್ರಮಾಣ ಹೆಚ್ಚಾದರೆ ಕೆಡುಕು ಮಾಡಬಲ್ಲದ್ದು ಇದ್ದರೂ ಇಲ್ಲದಿದ್ದರೂ ಒಂದೇ ಆಗಿರಲು ಹೇಗೆ ಸಾಧ್ಯ? ಯಾರನ್ನು ಯಾವಾಗ ಎಬ್ಬಿಸಬೇಕು, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎಂದು ನೀನು ಪ್ರತಿದಿನ ಅಳೆದು ನಿರ್ಧರಿಸುತ್ತೀಯ. ಅದನ್ನು ‘ವ್ಯಾಯಾಮ ಮಾಡಿಸುವುದು’ ಎಂದು ಬೇರೆಯವರು ಕರೆದರೆ ಕರೆಯಲಿ, ನೀನು ಹಾಗೆ ಕರೆಯಬೇಡ.

2006ರದು ಇನ್ನೊಂದಿದೆ, 222 ರೋಗಿಗಳ ಅಧ್ಯಯನ, ಎಕ್ಸೈಟ್. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರು. ತಾನಾಗಿ ಬರುವ ಚೇತರಿಕೆ ಹೆಚ್ಚುಕಡಿಮೆ ಬಂದು ಮುಗಿದವರು ಅನ್ನು. ಎಚ್ಚರವಿದ್ದ ಬಹುಪಾಲು ಹೊತ್ತು ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸಿದರು. ಒಂದು ವರ್ಷದ ಮೇಲೂ ಆ ಕೈಗಳು ಕೆಲಸ ಮಾಡುತ್ತಿದ್ದವು. ರಾತ್ರಿ ಆ ಸಾಲು ಕಾಡಿದಾಗಲೆಲ್ಲ ನಾನು ಈ ಗವಸನ್ನು ನೆನೆಸಿಕೊಳ್ಳುತ್ತೇನೆ.

ನೀನು ಕೇಳಿದ, ನರವಿಭಾಗದ ಫಿಸಿಯೋಥೆರಪಿಯಲ್ಲಿ ತಜ್ಞತೆಯ ಪರೀಕ್ಷೆಯ ವಿಷಯ ಮರೆತಿಲ್ಲ. ಅದರ ಬಗ್ಗೆ ಹೇಳಲು ನನಗೆ ಅರ್ಹತೆ ಕಡಿಮೆ, ನಾನು ಬರೆಯಲಿಲ್ಲವಲ್ಲ. ಕಾಗದದ ತುಂಡು ರೋಗಿಯನ್ನು ನಡೆಸುತ್ತದೆಯೇ ಎಂದು ವಾದಿಸುತ್ತಿದ್ದೆ. ಕೊನೆಗೆ ನ್ಯೂರೋ ವಿಭಾಗ ಕಟ್ಟುವ ಹೊತ್ತು ಬಂದಾಗ ಆ ಕಾಗದ ಇದ್ದ, ನನಗಿಂತ ಎಷ್ಟೋ ಕಿರಿಯಳನ್ನು ಮುಖ್ಯಸ್ಥೆ ಮಾಡಿದರು. ಒಳ್ಳೆಯ ಹುಡುಗಿ, ಕೆಲಸವೂ ಬಲ್ಲವಳು. ನನಗೇನೂ ಅನಿಸಲಿಲ್ಲ ಎಂದು ನಿಮ್ಮೆಲ್ಲರಿಗೂ ಹೇಳಿದ್ದೆ, ಅದು ನಿಜವಲ್ಲ. ಅವಳ ಮಾತನ್ನು ರೌಂಡ್ಸಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು, ಅದೊಂದು ನನಗೆ ಬೇಕಿತ್ತು.

ಅಮೆರಿಕದಲ್ಲಿ ಫಿಸಿಯೋಥೆರಪಿಗೆ ತಜ್ಞತೆಯ ಮಾನ್ಯತೆ ಕೊಡುವ ವ್ಯವಸ್ಥೆ ಕಟ್ಟಿದ್ದು 1978ರಲ್ಲಿ, ನರವಿಭಾಗದ ಮೊದಲ ತಜ್ಞರು ಬಂದದ್ದು 1987ರಲ್ಲಿ. ಈಗಲೂ ಪರೀಕ್ಷೆಗೆ ಕೂರಬೇಕಾದರೆ ಒಂದೋ ಆ ವಿಭಾಗದ ರೆಸಿಡೆನ್ಸಿ ತರಬೇತಿ ಮುಗಿಸಿರಬೇಕು, ಇಲ್ಲವೇ ಹಿಂದಿನ 10 ವರ್ಷಗಳಲ್ಲಿ ನರರೋಗಿಗಳ ಜತೆ 2,000 ಗಂಟೆ ನೇರವಾಗಿ ಕೆಲಸ ಮಾಡಿರಬೇಕು, ಅದರಲ್ಲಿ ಕಾಲುಭಾಗ ಕೊನೆಯ 3 ವರ್ಷದಲ್ಲಿ. ಅದಕ್ಕೂ ಹಿಂದೆ, 1894ರಲ್ಲಿ, ಅಂಗಮರ್ದನದ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರದ ಸುದ್ದಿಯಿಂದ ಇಂಗ್ಲೆಂಡಿನಲ್ಲಿ ಈ ಕೆಲಸದ ಮಾನವೇ ಹೋಗುವಂತಾದಾಗ ನಾಲ್ವರು ನರ್ಸುಗಳು ಸೇರಿ ಒಂದು ಸಂಘ ಕಟ್ಟಿದರು. ಹೀಗೆ ಕಲಿಯಬೇಕು, ಹೀಗೆ ಪರೀಕ್ಷೆ ಕೊಡಬೇಕು ಎಂದು ನಿಯಮ ಬರೆದರು. ರಾಜಮನ್ನಣೆಯ ಸನ್ನದು ಸಿಕ್ಕಿದ್ದು 1920ರಲ್ಲಿ. ಅಷ್ಟು ವರ್ಷ ಅವರಿಗೂ ಈ ಭಯ ಇದ್ದಿರಬೇಕು, ನಾವು ಮಾಡುವುದು ನಿಜವಾಗಿ ಏನಾದರೂ ಹೌದೇ ಎಂದು. ಇದ್ದೂ ಬರೆದಿಟ್ಟರು.

ಪರೀಕ್ಷೆಗೆ ಕೂರು ಎಂದೇ ನನ್ನ ಆಸೆ. ಆದರೆ ಆ ಸಾಲು ಅಳಿಸಿಹೋಗುತ್ತದೆ ಎಂಬ ನಂಬಿಕೆಯಿಂದ ಕೂರಬೇಡ, ಅಳಿಸುವುದಿಲ್ಲ. ನಿನ್ನ ಮಾತಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ, ಅಷ್ಟಕ್ಕೆ ಕೂರು. ಖರ್ಚು, ಸಮಯ ಎಲ್ಲ ನಿನಗೇ ಗೊತ್ತು, ಒತ್ತಾಯ ಮಾಡುತ್ತಿಲ್ಲ.

ಬರೆದಿಡುವ ವಿಷಯಕ್ಕೆ ಬಂದೆ ನೋಡು. ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಮೊನ್ನೆ ಕೆಳಗಿಳಿಸಿದೆ. ಪುಟಪುಟದಲ್ಲೂ ‘ನಡಿಗೆ ಸುಧಾರಿಸಿದೆ’, ‘ಸಮತೋಲ ಉತ್ತಮ’. ಯಾರಿಗೆ ಏನು ತಿಳಿಯಿತು ಇದರಿಂದ? ಹತ್ತು ಮೀಟರು ದಾಟಲು 25 ಸೆಕೆಂಡು ಎಂದು ಬರೆದಿದ್ದರೆ ಸೆಕೆಂಡಿಗೆ 0.4 ಮೀಟರು, ಅದಕ್ಕಿಂತ ನಿಧಾನವಾದರೆ ಮನೆಯೊಳಗಷ್ಟೇ ಓಡಾಡಬಲ್ಲವರು ಎಂದು ಯಾರಿಗಾದರೂ ಅರ್ಥವಾಗುತ್ತಿತ್ತು. ಅದೇ 0.8 ದಾಟಿದರೆ ಹೊರಗೆ ನಾಲ್ಕು ಜನರ ನಡುವೆ ನಡೆಯಬಲ್ಲರು. ಸಮತೋಲಕ್ಕೆ ಬರ್ಗ್ ಮಾಪನದ 56 ಅಂಕ ಇದೆ, ಅದನ್ನು ಕಟ್ಟಿಕೊಟ್ಟವರೂ ಒಬ್ಬ ಫಿಸಿಯೋಥೆರಪಿಸ್ಟೇ. ಮೊದಲ ದಿನದ ಅಂಕಿ ಇಲ್ಲದಿದ್ದರೆ ಕೊನೆಯ ದಿನದ ಅಂಕಿಗೆ ಬೆಲೆಯಿಲ್ಲ. ಸಮ್ಮರಿ ಬರೆಯುವ ಕಿರಿಯ ಡಾಕ್ಟರ ಕೈಗೆ ನೀನೇ ನಾಲ್ಕು ಸಾಲು ಬರೆದು ಕೊಡು, ಹೆಚ್ಚಿನವರು ಹಾಗೆಯೇ ಸೇರಿಸುತ್ತಾರೆ. ರೌಂಡ್ಸಿನಲ್ಲಿ ಹಾಸಿಗೆಯ ಪಕ್ಕ ನಿಲ್ಲು, ಬಾಗಿಲ ಹತ್ತಿರ ಬೇಡ. ಇಷ್ಟೇ ನನಗೆ ತೋಚಿದ್ದು. ನಾನೇ ಮಾಡದ್ದನ್ನು ನಿನಗೆ ಹೇಳುತ್ತಿದ್ದೇನೆ, ಬೇಸರಪಡಬೇಡ.

ನೋಟ್‌ಬುಕ್ಕು ಇಳಿಸಿದ್ದು ಒಂದು ತಾರೀಖಿಗಾಗಿ. ಭುಜ ಬಿಗಿದುಹೋದ ಆ ತಾಯಿ, ನಿಲ್ಲಿಸುವಾಗ ಸೋತ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ. ನಾನೇ ಒಂದೊಂದು ಬೆರಳಾಗಿ ಬಿಡಿಸಬೇಕು, ಕಿರುಬೆರಳಿನಿಂದ ಶುರುಮಾಡಿ. ವಾರಗಟ್ಟಲೆ ಹಾಗೇ ನಡೆಯಿತು. ಒಂದು ಬೆಳಿಗ್ಗೆ ನಾನು ಕಿರುಬೆರಳಿಗೆ ಕೈ ಹಾಕುವ ಮುಂಚೆಯೇ ಅದು ಸರಿಯಿತು, ಅದರ ಹಿಂದೆ ಉಂಗುರದ ಬೆರಳು, ಆಮೇಲೆ ಉಳಿದವು. ಮಣಿಕಟ್ಟಿನ ಮೇಲೆ ಅವರ ಬೆರಳಿನ ಬಿಳಿ ಗುರುತು ನಿಧಾನ ಕೆಂಪಾಯಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದೆವು. ನಾನಿಲ್ಲದಿದ್ದರೂ ಆ ಬೆರಳು ಬಿಚ್ಚುತ್ತಿತ್ತೇ? ಗೊತ್ತಿಲ್ಲ. ಆದರೆ ಅದು ಯಾವ ದಿನ, ಎಷ್ಟನೇ ವಾರ ಎಂದು ಹುಡುಕಿದರೆ ಪುಸ್ತಕದಲ್ಲಿ ಇರುವುದು ‘ಕೈ ಸುಧಾರಿಸಿದೆ’ ಅಷ್ಟೇ.

ಆ ಹಿರಿಯರು ಮೊದಲ ಸಲ ನಿಂತಾಗ ಹತ್ತು ಮೀಟರಿಗೆ ಎಷ್ಟು ಸೆಕೆಂಡು ತೆಗೆದುಕೊಂಡರು? ಬರೆದಿಟ್ಟಿದ್ದೀಯಾ? ಅವರ ಭುಜದ ಬಗ್ಗೆಯೂ ಮುಂದಿನ ಕಾಗದದಲ್ಲಿ ತಿಳಿಸು.

ನಿನ್ನ
ದೊಡ್ಡಮ್ಮ